ಮಹಾರಾಜಶ್ರೀ ನದಿ ಮರಳಿನವರ ಸನ್ನಿಧಾನಕ್ಕೆ

ಕರ್ನಾಟಕದ ಸಣ್ಣ ಕಟ್ಟಡ ಗುತ್ತಿಗೆದಾರರು, ಅಂದರೆ 30×40 ಸೈಟಿನಲ್ಲಿ ಚದರ ಅಡಿಗೆ ಇಂತಿಷ್ಟೆಂದು ಮಾತು ಕೊಟ್ಟು ಗೃಹಪ್ರವೇಶದವರೆಗೂ ಆ ಮಾತಿಗೆ ಸಿಕ್ಕಿಬಿದ್ದಿರುವ ವರ್ಗದವರು, ಮಾಡಿಕೊಳ್ಳುವ ಬಹಿರಂಗ ಬಿನ್ನಹ.

ತಾವು ದುರ್ಲಭರಾದುದು ಅಕಾರಣವಲ್ಲವೆಂಬುದನ್ನು ಅರ್ಜಿದಾರರು ಒಪ್ಪುತ್ತಾರೆ. ನದೀಪಾತ್ರದ ಮರಳು ನೀರನ್ನು ಹಿಡಿದಿಟ್ಟು ಅಂತರ್ಜಲಕ್ಕೆ ಇಳಿಸುವುದರಿಂದ, ಅದನ್ನು ಬಗೆದು ಬರಿದು ಮಾಡಿದರೆ ದಂಡೆಯ ಬಾವಿಗಳೂ ಬತ್ತುತ್ತವೆ. ಆದ್ದರಿಂದ ಐದು ಹೆಕ್ಟೇರಿಗಿಂತ ಚಿಕ್ಕ ಗಣಿ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟು ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಯುಕ್ತವೇ ಆಗಿತ್ತು. ವಿಸ್ಮಯವೆಂದರೆ, ಅನಂತರ ತಾವು ನದಿಯಲ್ಲೂ ಉಳಿಯದೆ, ಹಗಲಿನ ಮಾರುಕಟ್ಟೆಯಲ್ಲೂ ಕಾಣಿಸದೆ, ನಡುರಾತ್ರಿ ಕಳೆದ ಮೇಲೆ ಟಾರ್ಪಾಲಿನ ಗೋಷಾದಲ್ಲಿ ಮಾತ್ರ ಸಂಚರಿಸತೊಡಗಿದಿರಿ.

ತಮ್ಮ ಅನುಪಸ್ಥಿತಿಯಲ್ಲಿ ಅನೇಕರು ತಮ್ಮ ವೇಷ ಧರಿಸಿದರು. ಕೆರೆಯಂಗಳದ ಮತ್ತು ಹೊಲದ ಮಣ್ಣನ್ನು ತೊಳೆದು ತೆಗೆದ ಫಿಲ್ಟರ್ ಮರಳು, ಸಿಮೆಂಟಿನ ಹಿಡಿತವನ್ನು ಸಡಿಲಿಸುವ ಜೇಡಿಯನ್ನೂ ಜೊತೆಗೆ ತಂದಿತು. 2017ರ ಸುಮಾರಿಗೆ, ಕಾವೇರಿ, ತುಂಗಭದ್ರೆ, ಕೃಷ್ಣೆಯರ ಈ ನಾಡಿಗೆ ಮಲೇಷ್ಯಾದ ಮರಳು ಹಡಗೇರಿ ಬಂದು, ಲೇಖಕ್ ನೋಟ್‌ಬುಕ್ಕಿಗೂ ಮದ್ಯದಂಗಡಿಗೂ ಹೆಸರಾದ ಎಂಎಸ್‌ಐಎಲ್ ಸಂಸ್ಥೆಯ ಮೂಲಕ 50 ಕಿಲೋ ಚೀಲಗಳಲ್ಲಿ ಮಾರಾಟಕ್ಕಿಳಿಯಿತು. ಮನೆಯ ಒಡೆಯರು ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಅವರ ಗೋಡೆ ವಿದೇಶಯಾನ ಮುಗಿಸುವ ಯೋಗ ಹೀಗೆ ಒದಗಿತು.

ಅಪರೂಪಕ್ಕೆ ತಾವು ಖುದ್ದಾಗಿ ದಯಮಾಡಿಸಿದಾಗಲೂ ಲೆಕ್ಕ ಸುಲಭವಲ್ಲ. ಒದ್ದೆ ಮರಳಿನಲ್ಲಿ ಪ್ರತಿ ಕಣಕ್ಕೂ ನೀರಿನ ತೆಳುಪೊರೆ ಅಂಟಿ ಕಣಗಳು ಒಂದರಿಂದೊಂದು ದೂರ ಸರಿಯುವುದರಿಂದ ಅದರ ಗಾತ್ರ ಕಾಲು ಭಾಗದಷ್ಟು ಹೆಚ್ಚಬಹುದು. ಇದನ್ನು ಮರಳಿನ ಉಬ್ಬುವಿಕೆ ಎನ್ನುತ್ತಾರೆ. ಲೋಡಿನ ಅಳತೆಯಲ್ಲಿ ಕೊಳ್ಳುವ ಗುತ್ತಿಗೆದಾರರು ಹೀಗೆ ಗಾಳಿಗೂ ಬಾಡಿಗೆ ಸಮೇತ ಹಣ ತೆರುತ್ತಾರೆ, ಮನೆಯ ಒಡೆಯರಾದರೋ ಕರಾರಿನಲ್ಲಿ ಗಾಳಿಯ ಕಲಮು ಎಲ್ಲಿದೆಯೆಂದು ಕೇಳುತ್ತಾರೆ.

ಕಲ್ಲನ್ನು ಪುಡಿಮಾಡಿ, ಜರಡಿ ಹಿಡಿದು, ತೊಳೆದು ತಯಾರಿಸುವ ಎಂ-ಸ್ಯಾಂಡ್ ತಮ್ಮ ಅಧಿಕೃತ ಉತ್ತರಾಧಿಕಾರಿ, ಮತ್ತು 2016ರ ಐಎಸ್ 383 ಮಾನಕದ ಮಾನ್ಯತೆಯೂ ಅದಕ್ಕಿದೆ. ಅದು ಒಳ್ಳೆಯ ವಸ್ತುವೇ, ಒಳ್ಳೆಯದು ಸಿಕ್ಕಿದರೆ. ಕ್ರಷರಿನ ಧೂಳಿಗೂ ಅದೇ ಹೆಸರಿಟ್ಟು ಕಳುಹಿಸುವವರಿರುವುದರಿಂದ, ಗಾರೆ ಮೇಸ್ತ್ರಿಗಳು ಹಿಡಿಯಷ್ಟನ್ನು ಅಂಗೈಯಲ್ಲಿ ಉಜ್ಜಿ ನೋಡದೆ ಕಲಸಲು ಕೈಹಾಕುವುದಿಲ್ಲ. ಅದಲ್ಲದೆ ಕ್ರಷರುಗಳು ಮುಷ್ಕರ ಹೂಡಿದ ದಿನ ಜಲ್ಲಿಯೂ ಮರಳೂ ಒಟ್ಟಿಗೆ ನಿಲ್ಲುತ್ತವೆ, ಕೂಲಿ ಮಾತ್ರ ನಿಲ್ಲುವಂತಿಲ್ಲ.

ಆದಕಾರಣ, ಮುಂದಿನ ಸವಾರಿಯನ್ನು ಹಗಲು ಹೊತ್ತಿನಲ್ಲೇ, ಪರ್ಮಿಟ್ಟು ಮತ್ತು ಬಿಲ್ಲುಗಳೊಂದಿಗೆ, ಸಾಧ್ಯವಾದರೆ ಮೈ ಒರೆಸಿಕೊಂಡು ದಯಪಾಲಿಸಬೇಕೆಂದು ಅರ್ಜಿದಾರರು ಕೋರುತ್ತಾರೆ. ಮೋಲ್ಡಿಂಗ್ ಗುರುವಾರಕ್ಕೆ ನಿಗದಿಯಾಗಿದೆ, ಇದು ಮೂರನೆಯ ಗುರುವಾರ.