ಇಲ್ಲದ ಸಾಲದ ಮೀಮಾಂಸೆ: ಚನ್ನಪಟ್ಟಣ ಸೀಮೆಯನ್ನು ಲಕ್ಷ್ಯವಾಗಿಟ್ಟುಕೊಂಡ ಒಂದು ಶಾಸ್ತ್ರವಿಚಾರ

ಮಾಡಿದ ಸಾಲ ತೀರಿಸದವರ ಕುರಿತು ನಮ್ಮಲ್ಲಿ ಸ್ಮೃತಿಗಳಿಂದ ಹಿಡಿದು ಸುಗ್ರೀವಾಜ್ಞೆಗಳವರೆಗೆ ಸಾಹಿತ್ಯ ರಾಶಿ ಬಿದ್ದಿದೆ. ಮಾಡದ ಸಾಲ ತೀರಿಸಬೇಕಾಗಿ ಬಂದವರ ಕುರಿತು ಮಾತ್ರ ಶಾಸ್ತ್ರಕಾರರು ಬಾಯಿ ಬಿಟ್ಟಿಲ್ಲ. ಈ ಮಹತ್ತರ ಕೊರತೆಯನ್ನು ನೀಗುವ ಸಲುವಾಗಿ ಪ್ರಸ್ತುತ ಪ್ರಬಂಧವನ್ನು ರಚಿಸಲಾಗಿದೆ. ಇದಕ್ಕೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟು ಕೊಟ್ಟಿಲ್ಲ. ಪ್ರಬಂಧಕಾರ ಕೇಳಿಯೂ ಇಲ್ಲ.

ಮೊದಲಿಗೆ ತತ್ತ್ವ. ವೈಶೇಷಿಕ ದರ್ಶನದವರು ಜಗತ್ತಿನಲ್ಲಿರುವುದನ್ನೆಲ್ಲ ಆರು ಪದಾರ್ಥಗಳಾಗಿ ವಿಂಗಡಿಸಿ, ಅಷ್ಟಕ್ಕೆ ತೃಪ್ತಿಯಾಗದೆ, ‘ಇಲ್ಲ’ ಎಂಬುದನ್ನೂ ಅಭಾವವೆಂಬ ಹೆಸರಿನಲ್ಲಿ ಏಳನೆಯ ಪದಾರ್ಥವಾಗಿ ಸೇರಿಸಿಕೊಂಡರು. ಇಲ್ಲದಿರುವುದೂ ಒಂದು ವಸ್ತುವೇ ಎಂದು ಒಪ್ಪಿಕೊಳ್ಳುವುದಕ್ಕೆ ಧೈರ್ಯ ಬೇಕು. ಬ್ಯಾಂಕುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದಕ್ಕೆ ಬಡ್ಡಿಯನ್ನೂ ಹಾಕಿದವು.

ಹದಿನೇಳನೆಯ ಶತಮಾನದ ಅನ್ನಂಭಟ್ಟ ತನ್ನ ‘ತರ್ಕಸಂಗ್ರಹ’ದಲ್ಲಿ ಅಭಾವ ನಾಲ್ಕು ಬಗೆ ಎಂದ. ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ: ಅರ್ಜಿ ಹಾಕಿ, ಮಂಜೂರಾಗಿ, ಗಾಡಿ ಬೇಡವೆಂದು ಬಿಟ್ಟುಬಂದವನಿಗೂ ಕಂತು ಶುರುವಾಗುವುದು ಇದಕ್ಕೆ ಸೇರುತ್ತದೆ. ಆಧಾರ್ ಜೆರಾಕ್ಸ್ ಯಾರ ಕೈಗೋ ಸಿಕ್ಕಿ, ಮೂರು ಕಾಲದಲ್ಲೂ ಇಲ್ಲದ ಸಾಲವೊಂದು ಕಾಣಿಸಿಕೊಂಡರೆ ಅದು ಅತ್ಯಂತಾಭಾವ. ಅದಕ್ಕೆ ಪೊಲೀಸ್ ಠಾಣೆ ಬೇಕು, ಶಾಸ್ತ್ರ ಸಾಲದು. ನಾಶವಾದ ಮೇಲಿನದು ಪ್ರಧ್ವಂಸಾಭಾವ. ಕೊನೆಯ ಕಂತು ಕಟ್ಟಿ ಸಿಹಿ ಹಂಚಿಯಾಗಿದೆ, ಆದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಆಚಂದ್ರಾರ್ಕವಾಗಿ ಕೂತಿದೆ. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನ ಪ್ರಕಾರ ಆ ಹೆಸರು ತಾನಾಗಿ ಅಳಿಯುವುದಿಲ್ಲ. ಬ್ಯಾಂಕು ಮತ್ತು ಮಾಲೀಕ ಇಬ್ಬರೂ ಸಹಿ ಹಾಕಿದ ಫಾರಂ 35 ಆರ್‌ಟಿಒ ಕಚೇರಿಗೆ ಹೋಗಬೇಕು. ಗಾಡಿ ಮಾರುವ ದಿನದವರೆಗೂ ಇದನ್ನು ಮರೆತಿರುವುದು ನಮ್ಮ ಜನರ ನಿತ್ಯವಿಧಿ.

ನಾಲ್ಕನೆಯದು ಅನ್ಯೋನ್ಯಾಭಾವ. ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ. ಅವನು ಇವನಲ್ಲ. ಪ್ರಸ್ತುತ ಪ್ರಬಂಧದ ವಿಷಯ ಇದೇ.

ಶಾಸ್ತ್ರಗ್ರಂಥಗಳಲ್ಲಿ ಉದಾಹರಣೆಗೊಬ್ಬ ಮನುಷ್ಯ ಬೇಕಾದಾಗಲೆಲ್ಲ ದೇವದತ್ತ ಬರುತ್ತಾನೆ. ನಮ್ಮ ದೇವದತ್ತ ಚನ್ನಪಟ್ಟಣದ ಬೊಂಬೆ ಕಸುಬಿನವನು. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾನೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹಿಡಿಯುತ್ತದೆ. ಮೇಲೆ ಕೇದಗೆ ಗರಿ ಆನಿಸಿದರೆ ಕನ್ನಡಿಯಂಥ ಹೊಳಪು. ಹೀಗೆ ಈತ ಜೀವಮಾನದಲ್ಲಿ ಮಾಡಿರುವ ಕಾರು, ಬಸ್ಸು, ರೈಲು, ಟ್ರ್ಯಾಕ್ಟರುಗಳಿಗೆ ಲೆಕ್ಕವಿಲ್ಲ, ಒಂದಕ್ಕೂ ಸಾಲವಿಲ್ಲ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ಎಷ್ಟೋ ವರ್ಷವಾಯಿತು. ಬೊಂಬೆ ಮಾಡಿದವನ ಗುರುತು ಮಾತ್ರ ಬ್ಯಾಂಕಿಗೆ ಇನ್ನೂ ಹತ್ತಿಲ್ಲ.

ಒಂದು ದಿನ ಅವನಿಗೆ ಫೋನು. “ಸರ್, ನಿಮ್ಮ ಕಾರ್ ಲೋನ್ ಮೂರು ಇಎಂಐ ಪೆಂಡಿಂಗ್ ಇದೆ.”

“ಯಾವ ಕಾರು? ಮರದ್ದಾ?”

ಆ ಕಡೆಯವರು ಇದನ್ನು ಉದ್ಧಟತನವೆಂದು ದಾಖಲಿಸಿಕೊಂಡರು.

ಇಲ್ಲಿಂದ ಪ್ರಮಾಣಗಳ ಚರ್ಚೆ. ದೇವದತ್ತನ ಮೊದಲ ವಾದ ಅನುಪಲಬ್ಧಿ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದನ್ನು ಸ್ವತಂತ್ರ ಪ್ರಮಾಣವೆಂದೇ ಒಪ್ಪುತ್ತಾರೆ: ಕಾಣಬೇಕಾದ ವಸ್ತು ಕಾಣದಿದ್ದರೆ ಅದು ಇಲ್ಲವೆಂದೇ ಅರ್ಥ. ‘ಬಂದು ನೋಡಿ ಸಾರ್, ಮನೆ ಮುಂದೆ ಒಂದು ಮೊಪೆಡ್ ಬಿಟ್ಟರೆ ಏನೂ ಇಲ್ಲ. ನಮ್ಮ ಓಣಿಗೆ ಕಾರೇ ತೂರಲ್ಲ.’ ಬ್ಯಾಂಕು ಇದನ್ನು ತಿರಸ್ಕರಿಸಿತು. ಕಾರು ಕಾಣುತ್ತಿಲ್ಲವೆಂದರೆ ಬಚ್ಚಿಟ್ಟಿದ್ದೀರಿ ಎಂದಾಯಿತು.

ಬ್ಯಾಂಕಿಗೆ ಪ್ರಿಯವಾದದ್ದು ಅರ್ಥಾಪತ್ತಿ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದರೆ ರಾತ್ರಿ ಉಣ್ಣುತ್ತಾನೆಂದು ಊಹಿಸಬೇಕು ಎನ್ನುವುದು ಅದರ ಹಳೆಯ ನಿದರ್ಶನ. ಅದೇ ಜಾಡಿನಲ್ಲಿ: ದೇವದತ್ತ ಕಂತು ಕಟ್ಟುತ್ತಿಲ್ಲ, ಕಂತು ಕಟ್ಟದಿರಬೇಕಾದರೆ ಸಾಲವಿರಬೇಕು, ಆದ್ದರಿಂದ ದೇವದತ್ತನಿಗೆ ಸಾಲವಿದೆ. ಈ ನ್ಯಾಯದಂತೆ ಕಂತು ಕಟ್ಟದ ಊರಿನವರೆಲ್ಲ ಸಾಲಗಾರರೇ. ಅಷ್ಟು ದೂರ ಯಾವ ಶಾಖೆಯೂ ಇನ್ನೂ ಹೋಗಿಲ್ಲ, ಬಹುಶಃ ಸಿಬ್ಬಂದಿ ಕೊರತೆಯಿಂದ.

ಕಡೆಗೆ ಎಲ್ಲವೂ ಬಂದು ನಿಲ್ಲುವುದು, ನಂಬತಕ್ಕವರು ಹೇಳಿದ ಮಾತೇ ಸಾಕ್ಷಿಯೆನ್ನುವ ಶಬ್ದಪ್ರಮಾಣದಲ್ಲಿ. ಮ್ಯಾನೇಜರು ಕಂಪ್ಯೂಟರನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಹೇಳುತ್ತಾರೆ, “ಸಿಸ್ಟಂನಲ್ಲಿ ಹಂಗೇ ತೋರಿಸ್ತಿದೆಯಲ್ಲ.” ಎಂಟ್ರಿ ಮಾಡಿದವರು ಯಾರು? ಯಾರೂ ಅಲ್ಲ, ಸಿಸ್ಟಂ. ತಿದ್ದುವವರು ಯಾರು? ನಾವಲ್ಲ, ಸಿಸ್ಟಂ ಬಿಡಬೇಕು. ಮೀಮಾಂಸಕರು ವೇದಕ್ಕೆ ಕರ್ತೃವಿಲ್ಲ, ಅದು ಅಪೌರುಷೇಯ, ಹಾಗಾಗಿ ಅದರಲ್ಲಿ ದೋಷ ಸಾಧ್ಯವಿಲ್ಲ ಎಂದು ಸಾಧಿಸಲು ಎಷ್ಟೋ ತಲೆಮಾರು ತೆಗೆದುಕೊಂಡರು. ಕೋರ್ ಬ್ಯಾಂಕಿಂಗ್ ಬಂದು ಇನ್ನೂ ಒಂದು ತಲೆಮಾರು ತುಂಬಿಲ್ಲ, ಅಷ್ಟರಲ್ಲೇ ಆ ಪದವಿ ದಕ್ಕಿಸಿಕೊಂಡಿದೆ.

ಆಕ್ಷೇಪ: ಒಬ್ಬನ ಸಾಲ ಇನ್ನೊಬ್ಬನ ತಲೆಗೆ ಬರುವುದಾದರೂ ಹೇಗೆ? ಸಮಾಧಾನ: ಈ ಸೀಮೆಯ ದೇವರುಗಳಿಂದ. ಕೆಂಗಲ್ ಆಂಜನೇಯ ಹತ್ತಿರದಲ್ಲೇ ಇದ್ದಾನೆ, ಹೀಗಾಗಿ ಹನುಮಂತಯ್ಯಂದಿರು ಹೇರಳ. ಮಲೆ ಮಹದೇಶ್ವರನಿಗೆ ನಡೆದುಕೊಳ್ಳುವವರ ಮನೆಗಳಲ್ಲಿ ಮಾದೇಶರು, ಮಾದಯ್ಯಂದಿರು. ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ಒಬ್ಬ ಮಾತ್ರ, ಉಚ್ಚಾರಣೆ ಕಷ್ಟವೆಂಬ ಕಾರಣಕ್ಕೋ ಏನೋ, ಬ್ಯಾಂಕಿಗೆ ಹೆಚ್ಚು ತೊಂದರೆ ಕೊಟ್ಟಿಲ್ಲ. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರು ಹೆಸರಿನ ಹಿಂದೆ ಕೆಂಗಲ್ ಎಂದು ಹಚ್ಚಿಕೊಂಡಿದ್ದರಲ್ಲಿ ಎಂಥ ದೂರದೃಷ್ಟಿ ಇತ್ತೆಂಬುದು ಸಾಲದ ದಾಖಲೆ ನೋಡಿದವರಿಗೇ ಗೊತ್ತು. ಇನ್ನು ಊರಿನದೊಂದು, ಅಪ್ಪನದೊಂದು ಇನಿಷಿಯಲ್ಲು. ಒಂದೇ ಊರು, ಅಪ್ಪಂದಿರಿಗೂ ಅದೇ ದೇವರ ಹೆಸರು. ಇಂಗ್ಲಿಷಿನಲ್ಲಿ ಒಬ್ಬನಿಗೆ ಒಂದು ‘ಎಚ್’ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ. ಜನ್ಮದಿನಾಂಕ? ನಮ್ಮ ಕಡೆ ಒಂದು ತಲೆಮಾರಿನ ಮಕ್ಕಳನ್ನೆಲ್ಲ ಶಾಲೆಗೆ ಸೇರಿಸಿದ ಮೇಷ್ಟ್ರುಗಳ ಕೃಪೆಯಿಂದ ಅವರೆಲ್ಲ ಜೂನ್ ಒಂದಕ್ಕೇ ಹುಟ್ಟಿದ್ದಾರೆ.

ವಿಳಾಸದ ಕಥೆ ಇನ್ನೂ ಸೊಗಸು. ದೇವದತ್ತ ಹುಟ್ಟಿದ ಮನೆಯಲ್ಲೇ ಇದ್ದಾನೆ. ಆದರೆ ಮನೆ ಮೊದಲು ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋಯಿತು. 2007ರಲ್ಲಿ ರಾಮನಗರ ಜಿಲ್ಲೆಗೆ ಬಂತು. 2025ರಲ್ಲಿ ಆ ಜಿಲ್ಲೆಯೇ ಬೆಂಗಳೂರು ದಕ್ಷಿಣವಾಯಿತು. ಹೊಸಿಲು ದಾಟದ ಮನುಷ್ಯನ ವಿಳಾಸ ನಾಲ್ಕು ಜಿಲ್ಲೆ ಸುತ್ತಿದ್ದನ್ನು ಕಂಡು ಬ್ಯಾಂಕಿನವರು, “ಪದೇ ಪದೇ ಅಡ್ರೆಸ್ ಚೇಂಜ್ ಮಾಡಿದ್ದೀರಿ” ಎಂದು ಹುಬ್ಬೇರಿಸಿದರು. ತಲೆಮರೆಸಿಕೊಳ್ಳುವವರ ಲಕ್ಷಣವಂತೆ ಅದು.

ಹಾಗೆ ನೋಡಿದರೆ ವಿಳಾಸ ಬದಲಿಸಿದ್ದು ಬ್ಯಾಂಕುಗಳೇ. ಶಾಸನಗಳಲ್ಲಿ ರಾಜವಂಶಾವಳಿ ಓದಿದವರಿಗೆ ಇದು ಹೊಸದಲ್ಲ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 1931ರ ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಸಂಸ್ಥಾನ ಸೇರಿತು. ಮರುವರ್ಷ ಸಿಂಡಿಕೇಟು ಕೆನರಾದೊಳಗೆ, ಕಾರ್ಪೊರೇಷನ್ನು ಯೂನಿಯನ್ನಿನೊಳಗೆ. ವಿಲೀನಗಳೆಲ್ಲ ಏಪ್ರಿಲ್ ಒಂದಕ್ಕೇ ಆಗಿರುವುದರ ಮೇಲೆ ಪ್ರಬಂಧಕಾರ ಟೀಕೆ ಬರೆಯುವುದಿಲ್ಲ. ಅದು ಹಣಕಾಸು ವರ್ಷದ ಮೊದಲ ದಿನ, ಅಷ್ಟೇ.

ನೋಟೀಸಿನ ವಿಚಾರ. ಬಿ.ಎಲ್. ರೈಸ್ ಅವರು ಚನ್ನಪಟ್ಟಣ ತಾಲ್ಲೂಕಿನ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ದೇವದತ್ತನಿಗೆ ಬಂದ ವಕೀಲರ ನೋಟೀಸು ಆ ಸಂಪುಟಕ್ಕೆ ತಡವಾಗಿ ಸಿಕ್ಕ ಪುರವಣಿಯೆನ್ನಬಹುದು. ಮೊದಲಿಗೆ ಬ್ಯಾಂಕಿನ ಪ್ರಶಸ್ತಿ: ಇಂಥ ಕಾಯ್ದೆಯಡಿ ಸ್ಥಾಪಿತವಾಗಿ, ಇಂಥಲ್ಲಿ ಪ್ರಧಾನ ಕಚೇರಿ ಹೊಂದಿ, ದೇಶದ ತುಂಬ ಶಾಖೆಗಳಿಂದ ವಿರಾಜಮಾನವಾದ ನನ್ನ ಕಕ್ಷಿದಾರರು. ನಡುವೆ ದತ್ತಿಯ ವಿವರ: ನಿಮಗೆ ಕೊಟ್ಟ ಮೊತ್ತ. ಕೊನೆಯಲ್ಲಿ ಶಾಪಾಶಯ. ಹಿಂದಿನವರು ದತ್ತಿಗೆ ತಪ್ಪಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂದು ಶಪಿಸಿ ಸುಮ್ಮನಾಗುತ್ತಿದ್ದರು. ಇವರು ಹದಿನೈದು ದಿನ ಎಂದಿದ್ದರು. ಭಾಷೆ ಇಂಗ್ಲಿಷು. ಹಳಗನ್ನಡ ಓದಿಸಲು ಊರಲ್ಲಿ ಒಬ್ಬರಾದರೂ ಸಿಗುತ್ತಾರೆ, ಈ ಇಂಗ್ಲಿಷು ಓದಿಸಲು ದೇವದತ್ತ ರಾಮನಗರಕ್ಕೆ ಹೋಗಬೇಕಾಯಿತು.

ರಾಮನಗರವೆಂದಾಗ ವಸೂಲಿಯ ಇತಿಹಾಸ ನೆನೆಯದಿರಲಾಗದು. 1975ರಲ್ಲಿ ಬಿಡುಗಡೆಯಾದ ‘ಶೋಲೆ’ಯಲ್ಲಿ ಗಬ್ಬರ್ ಸಿಂಗನ ಕಡೆಯವರು ಧಾನ್ಯ ವಸೂಲಿಗೆ ಬಂದದ್ದು ಇದೇ ರಾಮದೇವರ ಬೆಟ್ಟದ ಸುತ್ತಿನ ಬಂಡೆಗಳ ನಡುವೆ. ಅವರೂ ಕೊಡದ ಸಾಲವನ್ನೇ ವಸೂಲು ಮಾಡುತ್ತಿದ್ದವರು ಎಂಬುದು ಗಮನಾರ್ಹ. ಗಬ್ಬರನಿಗೆ ಇಲ್ಲದಿದ್ದ ನಿರ್ಬಂಧಗಳು ಇಂದಿನವರಿಗೆ ಇವೆ. 2007ರಲ್ಲಿ ಒಂದು ಟ್ರಕ್ ಸಾಲದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗೂಂಡಾಗಳನ್ನು ಬಿಟ್ಟು ಗಾಡಿ ಎಳೆದೊಯ್ಯುವಂತಿಲ್ಲ, ಕಾನೂನಿನ ದಾರಿ ಹಿಡಿಯಿರಿ ಎಂದು ಬ್ಯಾಂಕುಗಳಿಗೆ ಹೇಳಿತು. 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು, ಬಾಕಿಗಾಗಿ ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನು ಮಾಡಕೂಡದೆಂದಿತು. ದೇವದತ್ತನಿಗೆ ಕರೆ ಬರುತ್ತಿದ್ದುದು ಏಳೂಮುಕ್ಕಾಲಕ್ಕೆ. ಬೆಳಿಗ್ಗೆಯೋ ಸಂಜೆಯೋ ಎಂಬ ಪಾಠಾಂತರದಿಂದ ವ್ಯತ್ಯಾಸವೇನೂ ಆಗದು.

ಇನ್ನು ಸಿದ್ಧಾಂತ. ಸಿಸ್ಟಂ ಅಪೌರುಷೇಯವಲ್ಲ. ಅದರ ಕೆಳಗೆ ಕಾಗದವಿದೆ, ಕಾಗದದ ಮೇಲೆ ಯಾರದೋ ಕೈ ಇದೆ. ಬಾಯಿಮಾತಿನ ವಾದದಿಂದ ಕಾಗದ ಹೊರಬರುವುದಿಲ್ಲ. ಇನ್ನೊಂದು ಕಾಗದ ಒಳಗೆ ಹೋಗಬೇಕು. ದೇವದತ್ತನಿಗೆ ಈ ಜ್ಞಾನೋದಯವಾಗಲು ‘ಸರ್ವರ್ ಡೌನ್’, ‘ಮಾರ್ಚ್ ಎಂಡ್’, ‘ಸಾಹೇಬರು ಲೀವು’, ‘ನಿಮ್ಮದು ಈ ಬ್ರಾಂಚ್ ಅಲ್ಲ’ ಎಂಬ ನಾಲ್ಕು ಮಹಾವಾಕ್ಯಗಳ ಶ್ರವಣ, ಮನನ, ನಿದಿಧ್ಯಾಸನಗಳು ಬೇಕಾದವು. ಆಮೇಲೆ ಅವನು ಕನ್ನಡದಲ್ಲಿ ಅರ್ಜಿ ಬರೆದ. ಈ ಸಾಲ ನನ್ನದಲ್ಲ. ಸಾಲದ ಕರಾರುಪತ್ರ, ಕೊಟ್ಟ ಗುರುತಿನ ಚೀಟಿ, ಫೋಟೊ, ಹಣ ಯಾರ ಖಾತೆಗೆ ಹೋಯಿತೆಂಬ ವಿವರ, ಗಾಡಿಯ ಆರ್‌ಸಿ ಮತ್ತು ಚಾಸಿ ನಂಬರು ಕೊಡಿ. ಎರಡು ಪ್ರತಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡ. “ಸೀಲು ಯಾಕೆ, ನಾವು ಓಡಿಹೋಗ್ತೀವಾ?” ಎಂದರು ಕೌಂಟರಿನವರು. ಸಾಲ ಕೊಡುವಾಗ ಇದೇ ಪ್ರಶ್ನೆಯನ್ನು ನಾವು ಕೇಳುವಂತಿಲ್ಲವೆಂಬುದು ಅಡಿಟಿಪ್ಪಣಿಗೆ ಯೋಗ್ಯ ಸಂಗತಿ.

ಚಾಸಿ ನಂಬರಿನ ಮಹಿಮೆ ಇಲ್ಲಿ ಹೇಳಲೇಬೇಕು. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುತ್ತಾರೆ. ಆರ್‌ಟಿಒ ಏಜೆಂಟನೂ ಅದನ್ನೇ ಮಾಡುತ್ತಾನೆ: ಬಾನೆಟ್ ಎತ್ತಿ, ಗ್ರೀಸು ಒರೆಸಿ, ಲೋಹದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲನ್ನು ಅಡ್ಡಡ್ಡ ಉಜ್ಜಿದರೆ ಹದಿನೇಳು ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತವೆ. ಹೆಸರಿಗೆ ಹೆಸರು ಕೂಡೀತು, ಇನಿಷಿಯಲ್ಲಿಗೆ ಇನಿಷಿಯಲ್ಲು ಕೂಡೀತು. ಆ ಹದಿನೇಳು ಮಾತ್ರ ಎರಡು ಗಾಡಿಗೆ ಒಂದೇ ಇರುವುದಿಲ್ಲ. ಸಾಲದ ಕಡತದಲ್ಲಿದ್ದ ಚಾಸಿ ನಂಬರಿನ ಕಾರು ಆರ್‌ಟಿಒ ದಾಖಲೆಯಲ್ಲಿ ಬೇರೊಬ್ಬ ಮಾಲೀಕನ ಹೆಸರಿನಲ್ಲಿತ್ತು. ಹೆಸರು ಅದೇ, ಅಪ್ಪನ ಹೆಸರೂ ಅದೇ, ಊರು ಬೇರೆ.

ಕಡತ ಕಡೆಗೂ ಹೊರಬಂತು. ಫೋಟೊದಲ್ಲಿದ್ದವನಿಗೆ ಮೀಸೆಯಿತ್ತು. ದೇವದತ್ತನಿಗೂ ಇದೆ. ಸಾಮ್ಯ ಅಲ್ಲಿಗೆ ಮುಗಿಯಿತು. ಕರಾರಿನ ಪ್ರತಿ ಪುಟದಲ್ಲೂ ಸುರುಳಿ ಸುರುಳಿಯ ಇಂಗ್ಲಿಷ್ ಸಹಿ. ನಮ್ಮವನು ಹುಟ್ಟಿದಾಗಿನಿಂದ ಕನ್ನಡದಲ್ಲಿ, ಅದೂ ಬಿಡಿಬಿಡಿಯಾಗಿ, ಪೂರ್ತಿ ಹೆಸರು ಬರೆಯುವವನು. ಅಧಿಕಾರಿ ಎರಡನ್ನೂ ಬಹಳ ಹೊತ್ತು ನೋಡಿ ಕೇಳಿದರು: “ನೀವು ಮಧ್ಯದಲ್ಲಿ ಸೈನ್ ಏನಾದ್ರೂ ಚೇಂಜ್ ಮಾಡಿದ್ರಾ?” ಅಪೌರುಷೇಯವಾದದ ಕೊನೆಯ ಉಸಿರು ಇದು. ಕೆಲವು ವಾರಗಳಲ್ಲಿ ‘ತಾಂತ್ರಿಕ ಕಾರಣದಿಂದ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಪತ್ರ ಬಂತು. ಅದರಲ್ಲೂ ಕರ್ತೃಪದವಿರಲಿಲ್ಲ.

ಅಲ್ಲಿಗೆ ಮುಗಿಯಿತೆನ್ನುವವರು ಸಿಬಿಲ್ ಎಂಬ ಪುನರ್ಜನ್ಮವನ್ನು ಮರೆತಿದ್ದಾರೆ. ಸಾಲ ಸತ್ತರೂ ಅದರ ವಾಸನೆ 300ರಿಂದ 900ರವರೆಗಿನ ಒಂದು ಅಂಕಿಯಲ್ಲಿ ಉಳಿದಿರುತ್ತದೆ. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಎಂಬ, ಎಲ್ಲರ ಸಾಲದ ಚರಿತ್ರೆ ಬರೆದಿಡುವ ನಾಲ್ವರು ಚಿತ್ರಗುಪ್ತರಿದ್ದಾರೆ. ಬ್ಯಾಂಕು ಹೇಳದೆ ಅವರು ಒಂದಕ್ಷರ ತಿದ್ದುವುದಿಲ್ಲ. ಮೂವತ್ತು ದಿನದಲ್ಲಿ ತಿದ್ದದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಇದನ್ನು ದೇವದತ್ತ ಹೇಳಿದಾಗ ಕೌಂಟರಿನಲ್ಲಿ ಮೊದಲ ಸಲ ಕುರ್ಚಿ ತೋರಿಸಿದರು.

ಬ್ಯಾಂಕು ಮೂವತ್ತು ದಿನ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿಬಾರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರ ನವೆಂಬರಿನಲ್ಲಿ ಎಲ್ಲ ದೂರುಗಳಿಗೂ ಒಂದೇ ಬಾಗಿಲು ಮಾಡಿದರು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ; ಆನ್‌ಲೈನಿನಲ್ಲಿ ಬರೆಯಬಹುದು, ಅಂಚೆಯಲ್ಲಾದರೆ ಚಂಡೀಗಢಕ್ಕೆ ಕಳಿಸಬೇಕು. ಚನ್ನಪಟ್ಟಣದ ಹಳೇ ಹೆದ್ದಾರಿಯ ಮೇಲಿರುವ ಬ್ಯಾಂಕಿನ ಮೇಲೆ ಅದೇ ಊರಿನಲ್ಲಿ ವಾಸವಿರುವವನು ಪಂಜಾಬಿನ ದಿಕ್ಕಿಗೆ ಪತ್ರ ಬರೆಯುವುದು ವಿಚಿತ್ರವಾಗಿ ಕಂಡರೂ ಫಲಪ್ರದವಾದ ವಿಧಿ. ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಓದುಗರಲ್ಲಿ ಒಂದೇ ವಿನಂತಿ. ಮೇಲೆ ಹೇಳಿದ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು. ಇವತ್ತೇ ತರಿಸಿ ನೋಡಿ. ಅದರಲ್ಲಿ ನಿಮ್ಮದಲ್ಲದ ಗಾಡಿ ಓಡುತ್ತಿದ್ದರೆ ಫೋನಿನಲ್ಲಿ ಜಗಳ ಕಾಯಬೇಡಿ, ‘ಹೋಗ್ಲಿ’ ಎಂದು ಒಂದು ಕಂತನ್ನೂ ಕಟ್ಟಬೇಡಿ. ಅರ್ಜಿ ಬರೆಯಿರಿ, ಸೀಲು ಬೀಳುವವರೆಗೆ ಕೌಂಟರು ಬಿಟ್ಟು ಕದಲಬೇಡಿ.