ಹಳೆಯ ಬೇಸ್ ಗಿಟಾರ್ ವಿಕ್ರಯ ಮೀಮಾಂಸೆ: ಮೊದಲ ಹಾಗೂ ಕೊನೆಯ ಸಂಪುಟ

ಎಮ್ಮೆ, ಸೈಟು, ಹಳೆ ಸ್ಕೂಟರು ಇವುಗಳ ಮಾರಾಟದ ಬಗ್ಗೆ ವಿಕ್ರಯಶಾಸ್ತ್ರದಲ್ಲಿ ಸಾಕಷ್ಟು ಚರ್ಚೆಯಾಗಿದೆ. ನಾಲ್ಕು ತಂತಿಯ ಹಳೆಯ ಬೇಸ್ ಗಿಟಾರನ್ನು, ಅದೂ ಯಜಮಾನ ತನ್ನ ಹೆಗಲು ಜಗ್ಗುವಷ್ಟು ಕಾಲ ನೇತುಹಾಕಿಕೊಂಡು ನುಡಿಸಿದ್ದನ್ನು, ಮಾರುವುದು ಹೇಗೆಂಬ ಪ್ರಶ್ನೆಯನ್ನು ಮಾತ್ರ ಪೂರ್ವಸೂರಿಗಳು ಜಾಣತನದಿಂದ ಬಿಟ್ಟುಬಿಟ್ಟಿದ್ದಾರೆ. ಆ ಕೊರತೆ ನೀಗಲೆಂದು ಈ ಪ್ರಬಂಧ. ಇದಕ್ಕೆ ಯಾವ ವಿಶ್ವವಿದ್ಯಾಲಯದ ಅನುದಾನವೂ ದೊರೆತಿಲ್ಲವಾದ್ದರಿಂದ ತೀರ್ಮಾನಗಳು ನಿಷ್ಪಕ್ಷಪಾತವಾಗಿವೆ.

ಮೊದಲಿಗೆ ವಿಷಯ ನಿರ್ದೇಶ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿಯಿಂದ ಶುರುಮಾಡಿದ ಲಿಯೋ ಫೆಂಡರ್ 1951ರಲ್ಲಿ 'ಪ್ರಿಸಿಷನ್ ಬೇಸ್' ಎಂಬ ವಾದ್ಯವನ್ನು ಮಾರುಕಟ್ಟೆಗೆ ಬಿಟ್ಟ. ಅಲ್ಲಿಯವರೆಗೆ ಬೇಸ್ ನುಡಿಸುವವರು ಆಳೆತ್ತರದ ಡಬಲ್ ಬೇಸನ್ನು ಹೊತ್ತು ಊರೂರು ಅಲೆಯಬೇಕಿತ್ತು, ಸ್ವರಸ್ಥಾನವನ್ನು ಕಿವಿಯಿಂದಲೇ ಹುಡುಕಬೇಕಿತ್ತು. ಫೆಂಡರ್ ಅದನ್ನು 34 ಇಂಚು ತಂತಿಯುದ್ದದ ಹಲಗೆಗೆ ಇಳಿಸಿದ, ಫ್ರೆಟ್ಟು ಕೂರಿಸಿದ, ಬೆರಳಿಟ್ಟಲ್ಲಿ ಕರಾರುವಾಕ್ಕಾಗಿ ಸ್ವರ ಬರುವಂತೆ ಮಾಡಿದ. ಲಿಯೋಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಈ ಕ್ಷೇತ್ರದಲ್ಲಿ ದುಡ್ಡು ಸೇರುವುದು ನುಡಿಸುವವರ ಕಡೆಗಲ್ಲ ಎಂಬುದಕ್ಕೆ ಇದೇ ಆದ್ಯ ನಿದರ್ಶನ.

1965ರ ಜನವರಿಯಲ್ಲಿ ಆತ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದ. ಅಲ್ಲಿಗೆ ಕಾಲವೆಂಬುದು ಎರಡು ಯುಗವಾಯಿತು: 'ಪ್ರಿ-ಸಿಬಿಎಸ್' ಮತ್ತು ಉಳಿದದ್ದು. 1964ರ ಡಿಸೆಂಬರಿನಲ್ಲಿ ಕೆತ್ತಿದ ಕುತ್ತಿಗೆಗೂ 1965ರ ಫೆಬ್ರವರಿಯಲ್ಲಿ ಕೆತ್ತಿದ್ದಕ್ಕೂ ಅದೇ ಊರು, ಅದೇ ಮರ, ಬಹುಮಟ್ಟಿಗೆ ಅದೇ ಕೈಗಳು. ಆದರೂ ಮೊದಲನೆಯದನ್ನು ಕಂಡರೆ ಸಂಗ್ರಹಕಾರರ ಕಣ್ಣು ತೇವವಾಗುತ್ತದೆ. ಯುಗಸಂಧಿಯ ವಿಷಯದಲ್ಲಿ ತರ್ಕ ಮಾಡಬಾರದು.

ಈಗ ಮೂಲ ಸೂತ್ರ: ಮುಟ್ಟದ್ದಕ್ಕೆ ಬೆಲೆ. ಇದಕ್ಕೆ ಪೂರ್ವಪಕ್ಷವನ್ನು ಒಡ್ಡುವವನು ಮಾರುವವನೇ. ತಾನು ಈ ಬೇಸನ್ನು ಮಕ್ಕಳಂತೆ ಸಾಕಿದೆ, ತುಕ್ಕು ಹಿಡಿದ ಬಿರಟೆ ಬದಲಿಸಿದೆ, ಸವೆದ ಫ್ರೆಟ್ಟು ತೆಗೆಸಿ ಹೊಸದು ಹಾಕಿಸಿದೆ, ಬಣ್ಣ ಹೋದಾಗ ಹೊಸ ಬಣ್ಣ ಬಳಿಸಿದೆ ಎಂದು ಆತ ಒಂದೊಂದಾಗಿ ಹೇಳುತ್ತಾನೆ. ಕೊಳ್ಳುವವನು ಒಂದೊಂದಕ್ಕೂ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಹಾಕುತ್ತಿರುತ್ತಾನೆ. ಹೊಸ ಬಣ್ಣ ಬಿತ್ತೆಂದರೆ ಬೆಲೆ ಅರ್ಧಕ್ಕಿಳಿಯಿತು ಎಂಬುದು ಈ ವ್ಯಾಪಾರದ ರೂಢಿಯ ಮಾತು. ಪ್ರೀತಿಯ ಪುರಾವೆಗಳೆಲ್ಲ ಹಾನಿಯ ಪಟ್ಟಿಗೆ ಸೇರುತ್ತವೆ.

ಇನ್ನೂ ವಿಚಿತ್ರವೆಂದರೆ ಎಸೆದದ್ದಕ್ಕೆ ಇರುವ ಕಿಮ್ಮತ್ತು. ಅಂದಿನ ಪ್ರಿಸಿಷನ್ ಬೇಸ್‌ಗೆ ಪಿಕಪ್‌ನ ಮೇಲೊಂದು, ಬ್ರಿಡ್ಜ್‌ನ ಮೇಲೊಂದು ಕ್ರೋಮಿನ ಮುಚ್ಚಳ ಬರುತ್ತಿತ್ತು; ಬ್ರಿಡ್ಜ್ ಮುಚ್ಚಳದ ಒಳಗೆ ನಾದ ತಗ್ಗಿಸಲು ಒಂದು ಸ್ಪಂಜಿನ ತುಂಡು. ನುಡಿಸುವವರಿಗೆ ಇವು ಕೈಗೆ ಅಡ್ಡ ಬರುತ್ತಿದ್ದವು. ಬಿಚ್ಚಿ ಮೂಲೆಗೆಸೆದರು, ಕೆಲವರು ಮಗುಚಿ ಸಿಗರೇಟಿನ ಬೂದಿ ಉದುರಿಸಿದರು, ಅದಕ್ಕೇ ಅವಕ್ಕೆ 'ಆಶ್‌ಟ್ರೇ' ಎಂಬ ಅಡ್ಡಹೆಸರು. ಇಂದು ಅದೇ ಹಳೆಯ ಮುಚ್ಚಳ ಜೊತೆಯಲ್ಲಿದ್ದರೆ ಕೊಳ್ಳುವವನ ದನಿ ಮೆತ್ತಗಾಗುತ್ತದೆ. ಅವುಗಳನ್ನು ಬಿಚ್ಚಿದ್ದರಿಂದಲೇ ವಾದ್ಯ ಸರಾಗವಾಗಿ ನುಡಿಯಿತು ಎಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ.

ಪರೀಕ್ಷಾ ವಿಧಿ ಹೀಗಿದೆ. ಬೇಸನ್ನು ಮೇಜಿನ ಮೇಲೆ ಬೋರಲು ಮಲಗಿಸುತ್ತಾರೆ. ತಂತಿ ಸಡಿಲಿಸಿ, ಬೆನ್ನಿನ ಲೋಹದ ತಗಡಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಕುತ್ತಿಗೆ ಕೈಗೆ ಬರುತ್ತದೆ. ಅದರ ಬುಡದಲ್ಲಿ ಪೆನ್ಸಿಲಿನಲ್ಲಿ ಗೀಚಿದ ತಿಂಗಳು, ವರ್ಷ. 1962ರಿಂದ ಈಚೆಗಾದರೆ ರಬ್ಬರ್ ಮೊಹರು. ಆಮೇಲೆ ವಾಲ್ಯೂಮಿನ ಗುಂಡಿಯಡಿಯ 'ಪಾಟ್' ಎಂಬ ಬಿಡಿಭಾಗವನ್ನು ತಿರುಗಿಸಿ ಟಾರ್ಚು ಬಿಡುತ್ತಾರೆ. ಅದರ ಮೇಲಿನ ಅಂಕಿ 304-6224 ಎಂದಿದ್ದರೆ ತಯಾರಕರು ಸ್ಟ್ಯಾಕ್‌ಪೋಲ್, 1962ರ 24ನೇ ವಾರ. 137 ಎಂದು ಶುರುವಾದರೆ ತಯಾರಕರು ಸಿಟಿಎಸ್. ಆದರೆ ಫೆಂಡರ್ ಕಾರ್ಖಾನೆ 1966ರಲ್ಲಿ ರಾಶಿಗಟ್ಟಲೆ ಪಾಟ್ ತರಿಸಿ ಮುಂದಿನ ಕೆಲವು ವರ್ಷ ಅದನ್ನೇ ಬಳಸಿತು. ಹೀಗಾಗಿ ಈ ಜಾತಕ ಖಚಿತವಾಗಿ ಹೇಳುವುದು ಇಷ್ಟೇ: ವಾದ್ಯ ಇದಕ್ಕಿಂತ ಮುಂಚೆ ಹುಟ್ಟಿಲ್ಲ. ಕೊನೆಯಲ್ಲಿ ಬೆಸುಗೆಯ ದರ್ಶನ. ಕಾರ್ಖಾನೆಯಲ್ಲಿ ಹಾಕಿದ ಮಂಕು ಸೀಸದ ಗುಳ್ಳೆಯ ಮೇಲೆ ಹೊಸ ಹೊಳಪು ಕಂಡರೆ, ಯಾವನೋ ಎಂದೋ ಹತ್ತು ನಿಮಿಷದಲ್ಲಿ ಮಾಡಿದ ರಿಪೇರಿಗೆ ಇಂದಿನ ಮಾಲೀಕ ವಿವರಣೆ ಕೊಡಬೇಕು. ಈ ಇಡೀ ವಿಧಿಯಲ್ಲಿ ವಾದ್ಯವನ್ನು ನುಡಿಸಿ ನೋಡುವ ಹಂತ ಕಡ್ಡಾಯವಲ್ಲ.

ಸೂತ್ರಕ್ಕೆ ಅಪವಾದಗಳೂ ಉಂಟು, ಅವೇ ಹೆಚ್ಚು ರುಚಿಕರ. 'ದಿ ಹೂ' ತಂಡದ ಜಾನ್ ಎಂಟ್ವಿಸಲ್ 1967ರಲ್ಲಿ ಐದು ಹಾಳು ಬೇಸ್‌ಗಳ ಭಾಗಗಳನ್ನು ಕೂಡಿಸಿ ಒಂದು ಪ್ರಿಸಿಷನ್ ಕಟ್ಟಿ ಅದಕ್ಕೆ 'ಫ್ರಾಂಕೆನ್‌ಸ್ಟೈನ್' ಎಂದು ಹೆಸರಿಟ್ಟ. ಶಾಸ್ತ್ರದ ಪ್ರಕಾರ ಅದು ಗುಜರಿ. 2003ರಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 62,400 ಪೌಂಡಿಗೆ ಹೋಯಿತು. ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್‌ನ 1969ರ ಮಸ್ಟಾಂಗ್ ಬೇಸ್ ಇನ್ನೊಂದು ಉದಾಹರಣೆ. ಮಸ್ಟಾಂಗ್ ಎಂದರೆ ಕಲಿಯುವ ಮಕ್ಕಳಿಗೆಂದು ಮಾಡಿದ, 30 ಇಂಚಿನ ಅಗ್ಗದ ಮಾದರಿ. 2020ರಲ್ಲಿ ಅದು 3,84,000 ಡಾಲರಿಗೆ ಹರಾಜಾಗಿ ಬೇಸ್ ಗಿಟಾರುಗಳಲ್ಲಿ ದಾಖಲೆ ಮಾಡಿತು. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಅಂತೂ ಫ್ರೆಟ್ಟುಗಳೇ ಇಲ್ಲದ ತನ್ನ 1962ರ ಫೆಂಡರ್ ಜಾಜ್ ಬೇಸ್‌ನ ಗೀರು ಮುಚ್ಚಿ, ದೋಣಿಗೆ ಬಳಿಯುವ ಎಪಾಕ್ಸಿ ಬಳಿದ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ವಾದ್ಯಹತ್ಯೆಯ ಪಾಪ ಸುತ್ತಿಕೊಳ್ಳುತ್ತಿತ್ತು. 1986ರಲ್ಲಿ ನ್ಯೂಯಾರ್ಕಿನಲ್ಲಿ ಕಳುವಾದ ಆ ಬೇಸ್ ಎರಡು ದಶಕ ಕಳೆದು ಪತ್ತೆಯಾದಾಗ, ಅದು ಜಾಕೋ ಕುಟುಂಬಕ್ಕೆ ಮರಳಲು ಮೆಟಾಲಿಕಾದ ರಾಬರ್ಟ್ ಟ್ರುಹೀಯೋ ಹಣ ಹಾಕಬೇಕಾಯಿತು. ಆದ್ದರಿಂದ ತಿದ್ದುಪಡಿ: ವಾದ್ಯವನ್ನು ಕೆಡಿಸುವ ಮುನ್ನ ಪ್ರಸಿದ್ಧರಾಗಿರಬೇಕು.

ಕಳ್ಳರು ಈ ಶಾಸ್ತ್ರವನ್ನು ಓದಿಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 30 ಪೌಂಡಿಗೆ ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಯಿತು. ಕದ್ದವನು ಅದನ್ನು ಒಬ್ಬ ಪಬ್ ಮಾಲೀಕನಿಗೆ ಒಂದಷ್ಟು ಪೌಂಡು ಮತ್ತು ಬಿಟ್ಟಿ ಬಿಯರಿಗೆ ದಾಟಿಸಿದನೆಂದು ಹುಡುಕಿ ತೆಗೆದವರು ಹೇಳುತ್ತಾರೆ. ಅಟ್ಟದ ಮೇಲಿದ್ದ ಅದು ಮೆಕಾರ್ಟ್ನಿಗೆ ಮರಳಿದ ಸುದ್ದಿ ಹೊರಬಿದ್ದದ್ದು 2024ರಲ್ಲಿ.

ತಂತಿ ಪ್ರಕರಣ ಸಣ್ಣದು. ಮಾರುವ ಮುನ್ನ ಹೊಸ ತಂತಿ ಹಾಕಬೇಕೆಂಬುದು ಲೋಕಾಭಿಪ್ರಾಯ. ಮೋಟೌನ್ ಧ್ವನಿಮುದ್ರಣ ಸಂಸ್ಥೆಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಇದನ್ನು ಒಪ್ಪುತ್ತಿರಲಿಲ್ಲ. ಒಂದೇ ಬೆರಳಿನಲ್ಲಿ ಮೀಟುತ್ತಿದ್ದ ಆತ ತನ್ನ 1962ರ ಪ್ರಿಸಿಷನ್‌ಗೆ ಹಾಕಿದ ದಪ್ಪ ಫ್ಲಾಟ್‌ವೌಂಡ್ ತಂತಿಗಳನ್ನು ಹರಿಯುವ ತನಕ ಬದಲಿಸುತ್ತಿರಲಿಲ್ಲ. ದೋಸೆ ಕಾವಲಿಯನ್ನು ಸೋಪು ಹಾಕಿ ಉಜ್ಜಬಾರದೆಂಬ ಅಜ್ಜಿಯರ ಪಂಥವಿದು. 1983ರಲ್ಲಿ ಆತ ಸಾಯುವ ಕೆಲ ದಿನ ಮುಂಚೆ ಆ ಬೇಸೂ ಕಳುವಾಯಿತು; ಈವರೆಗೆ ಸಿಕ್ಕಿಲ್ಲ.

ಕನ್ನಡಿಗರಿಗೆ ಸಂಬಂಧಿಸಿದ ಭಾಗ ಬೆರಳುಹಲಗೆಯದು. 1959ರ ಹೊತ್ತಿಗೆ ಫೆಂಡರ್ ಬೇಸ್‌ಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಬಂತು. ಆ ಮರ ದುರ್ಲಭವಾದಾಗ ಅಮೆರಿಕದ ಗಿಟಾರ್ ತಯಾರಕರು ಭಾರತದ ರೋಸ್‌ವುಡ್ಡಿಗೆ, ಅಂದರೆ ನಮ್ಮ ಪಶ್ಚಿಮಘಟ್ಟದ ಬೀಟೆಗೆ ತಿರುಗಿದರು. ಮಾರ್ಟಿನ್ ಕಂಪನಿ 1969ರಲ್ಲಿ ಬದಲಾಯಿಸಿತು. ಮಲೆನಾಡಿನಲ್ಲಿ ಬೀಟೆ ಮಂಚ ಇರುವ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡದ ಕಾಲವಿತ್ತು. ಸಂಗ್ರಹಕಾರರ ಲೋಕದಲ್ಲಿ ಮಾತ್ರ ಅದು ಬ್ರೆಜಿಲ್‌ನದ್ದು ಸಿಗದಿದ್ದಾಗಿನ ಮಾತು. ಈ ಅಪಮಾನಕ್ಕೆ ಒಂದು ಸಮಾಧಾನವಿದೆ. ಬ್ರೆಜಿಲ್ ರೋಸ್‌ವುಡ್ 1992ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿದ್ದರಿಂದ ಅದರ ಬೇಸನ್ನು ಪರದೇಶಕ್ಕೆ ಮಾರಲು ಪರವಾನಗಿಗೆ ಅಲೆಯಬೇಕು. 2017ರಲ್ಲಿ ಬೀಟೆಯ ಕುಲದ ಉಳಿದ ಮರಗಳಿಗೂ ಇದೇ ಬಗೆಯ ಕಾಗದದ ಕಾಟ ಶುರುವಾಗಿತ್ತಾದರೂ, 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್‌ನ ಮರಕ್ಕೆ ಮಾತ್ರ ಸಿಗಲಿಲ್ಲ.

ಗಾಯಗಳ ವಿಚಾರಕ್ಕೆ ಬಂದರೆ ಮೀಮಾಂಸೆ ಕೈಚೆಲ್ಲುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಕಾಲಕ್ರಮದಲ್ಲಿ ಕೂದಲೆಳೆಯಂತೆ ಸೀಳುತ್ತದೆ, ತೋಳು ತಾಗುವಲ್ಲಿ ಸವೆದು ಮರ ಇಣುಕುತ್ತದೆ. 1995ರಲ್ಲಿ ಫೆಂಡರ್ ಕಂಪನಿಯೇ 'ರೆಲಿಕ್' ಎಂದು ಹೊಸ ವಾದ್ಯಕ್ಕೆ ಹಳೆ ಗಾಯ ಮಾಡಿ ಹೆಚ್ಚು ಬೆಲೆಗೆ ಮಾರತೊಡಗಿತು. ಬಾರಿನಲ್ಲಿ ಬಿದ್ದು ಆದ ನಿಜವಾದ ಪೆಟ್ಟಿಗೆ ರಿಯಾಯಿತಿ ಕೇಳುವ ಗಿರಾಕಿ, ಕಾರ್ಖಾನೆಯಲ್ಲಿ ಸಂಬಳ ಪಡೆದು ಕೊಟ್ಟ ಪೆಟ್ಟಿಗೆ ಹೆಚ್ಚುವರಿ ತೆರುತ್ತಾನೆ.

ಬೆಲೆ ನಿಗದಿಯಲ್ಲಿ ಎರಡು ಪಂಥ. ಗಿರವಿ ಅಂಗಡಿಯ ಪಂಥ ವಸ್ತುವನ್ನು ನೋಡಿ ಬೆಲೆ ಹೇಳುತ್ತದೆ. ರಷ್ ತಂಡದ ಗೆಡ್ಡಿ ಲೀ ತನ್ನ ಪ್ರಸಿದ್ಧ 1972ರ ಜಾಜ್ ಬೇಸನ್ನು ಮಿಷಿಗನ್‌ನ ಕಲಮಜೂ ಊರಿನ ಅಂಥ ಅಂಗಡಿಯಲ್ಲಿ 200 ಡಾಲರಿಗೆ ಕೊಂಡದ್ದು ಹೀಗೆ. ಯಜಮಾನರ ಪಂಥ ತನ್ನ ಯೌವನವನ್ನೂ ಸೇರಿಸಿ ಬೆಲೆ ಹೇಳುತ್ತದೆ. ಇವರ ಜಾಹೀರಾತನ್ನು ಬಲ್ಲವರು ಓದಿದರೆ ಗೊತ್ತಾಗುತ್ತದೆ, ಆ ಮೊತ್ತ ಕೇಳಿರುವುದು ಯಾರೂ ಕೊಡದಿರಲಿ ಎಂದೇ.

ಮಾರಾಟವಾದ ಮೇಲಿನ ಪಶ್ಚಾತ್ತಾಪಕ್ಕೂ ಲಿಯೋ ಫೆಂಡರನೇ ಪ್ರಮಾಣ. ಕಂಪನಿ ಮಾರಿದವನು ಸುಮ್ಮನೆ ಕೂರಲಿಲ್ಲ. ಮ್ಯೂಸಿಕ್ ಮ್ಯಾನ್ ಕಂಪನಿಗಾಗಿ 1976ರಲ್ಲಿ ಸ್ಟಿಂಗ್‌ರೇ ಬೇಸ್ ತಂದ, ಆಮೇಲೆ ಅದೇ ಫುಲ್ಲರ್ಟನ್‌ನಲ್ಲಿ ಗೆಳೆಯ ಜಾರ್ಜ್ ಫುಲ್ಲರ್ಟನ್ ಜೊತೆ ಸೇರಿ ಜಿ ಅಂಡ್ ಎಲ್ ತೆರೆದು ಮತ್ತೆ ಬೇಸ್ ಮಾಡತೊಡಗಿದ. 1991ರ ಮಾರ್ಚ್ 21ರಂದು ಸತ್ತವನು ಹಿಂದಿನ ದಿನವೂ ಕೆಲಸಕ್ಕೆ ಹೋಗಿದ್ದ. ಕಂಪನಿಯ ಜೊತೆ ತನ್ನ ಹೆಸರನ್ನೂ ಮಾರಿದ್ದರಿಂದ ಈ ಹೊಸ ವಾದ್ಯಗಳ ತಲೆಯ ಮೇಲೆ ಫೆಂಡರ್ ಎಂದು ಬರೆಯುವ ಹಕ್ಕು ಫೆಂಡರನಿಗೆ ಇರಲಿಲ್ಲ. ಕಾರ್ಖಾನೆ ಇದ್ದ ಬೀದಿಗೆ ಮಾತ್ರ ಆ ನಿರ್ಬಂಧ ಅನ್ವಯಿಸಲಿಲ್ಲ. ಅದರ ಹೆಸರು ಫೆಂಡರ್ ಅವೆನ್ಯೂ.