ಮೊದ್ಲ ನೀರಿನ ದಾರಿ ನೋಡ್ರಿ

"ಯಕ್ಕಾ, ಧಾರವಾಡದಿಂದ ನಮ್ಮ ಮೈದುನ ಫೋನ್ ಮಾಡಿದ್ದ. ಖಾಲಿ ಬಿದ್ದ ಹಳೀ ಮನಿ ರಿಪೇರಿ ಮಾಡ್ಸಿ ಬಾಡಗಿ ಕೊಡೂಣಂತಾನ. ಗ್ವಾಡಿಗೆ ಸಿಮೆಂಟ್ ಗಿಲಾವ, ನೆಲಕ್ಕ ಟೈಲ್ಸ್, ಮ್ಯಾಲ ಚೆಂದಂದು ಬಣ್ಣ. ನೀ ಕಿತ್ತೂರಾಗ ಎರಡು ಮನಿ ಬಾಡಗಿ ಕೊಟ್ಟೀದಿ, ಏನಂತಿ?"

"ಬಾಡಗಿ ಕೊಡೂದು ಚೊಲೋನ ತಂಗಿ. ಕಿತ್ತೂರು ತಾಲೂಕು ಆದ ಮ್ಯಾಲ ಮಾಸ್ತರು, ಆಫೀಸಿನವರು ಮನಿ ಕೇಳ್ಕೊಂತ ನಮ್ಮ ದೇಗಾಂವಿಗೂ ಬರ್ತಾರ. ಆದ್ರ ಗ್ವಾಡಿಗೆ ಸಿಮೆಂಟ್ ಬಡಿಯೂದು ಬ್ಯಾಡಂತ ಹೇಳು. ಮೊದ್ಲ ಮಳಿ ನೀರು ಎಲ್ಲಿಂದ ಬರ್ತೈತಿ, ಎಲ್ಲಿ ನಿಲ್ತೈತಿ, ಅದನ್ನ ನೋಡ್ಲಿ."

"ಹಳೀ ಮನಿ ಗಟ್ಟಿ ಇರ್ತಾವ, ನಮ್ಮೂರ ಕಮಲ ನಾರಾಯಣ ಗುಡಿ 12ನೇ ಶತಮಾನದಿಂದ ನಿಂತೈತೆಲ್ಲ ಅಂತಾನ."

"ಅದು ಕಲ್ಲಿನ ಗುಡಿ. ನಿಮ್ದು ಮಣ್ಣಿನ ಗ್ವಾಡಿ. 2019ರ ಆಗಸ್ಟಿನ್ಯಾಗ ಮಳಿ ಹಿಡದಾಗ ನಮ್ಮ ಜಿಲ್ಲಾದಾಗ ಎಷ್ಟು ಸಾವಿರ ಮನಿ ಬಿದ್ದುವು, ನೆನಪಿಲ್ಲೇನ? ಮಣ್ಣಿನ ಗ್ವಾಡಿ ನೆಲದಾಗಿನ ಹಸಿ ಮ್ಯಾಲಕ್ಕ ಎಳಕೊಂತೈತಿ. ಮಣ್ಣಿನ ಗಿಲಾವ, ಸುಣ್ಣ ಇದ್ರ ಬಿಸಲಿಗೆ ಗಾಳಿಗೆ ಆ ಹಸಿ ಹೊರಗ ಹೋಕ್ಕೈತಿ. ಸಿಮೆಂಟ್ ಹಚ್ಚಿದಿ ಅಂದ್ರ ಒಳಗ ಉಳದು ಇನ್ನಷ್ಟು ಮ್ಯಾಲ ಏರತೈತಿ. ನಮ್ಮ ಓಣಿ ತುದಿ ಮನ್ಯಾಗ ಮಂಚ ಸರಿಸಿದಾಗ ನಾನೂ ಅಲ್ಲೇ ಇದ್ದೆ. ಗ್ವಾಡಿ ಮ್ಯಾಲ ಬಿಳೀ ಉಪ್ಪು, ಬಣ್ಣ ಹಪ್ಪಳದಂಗ ಎದ್ದಿತ್ತು. ಸಿಮೆಂಟ್ ಒಡದ ಜಾಗಾದಾಗ ಕೀಲಿಕೈಲೆ ಕೆದರಿದ್ರ ಹಸೀ ಮಣ್ಣು ಉದುರಿ ಕೈಯಾಗ ಬಂತು. ಹೊರಗಿಂದ ನೋಡಿದ್ರ ಹೊಸಾ ಮನಿ! ಆ ಮನ್ಯಾಗ ಕೂಸಿನ ತಾಯಿ ಮಲಗತಿದ್ಲು. ನಂಗ ಭಾಳ ಸಂಕಟ ಆತು."

"ಹಂಗಾದ್ರ ಏನ್ ಮಾಡಬೇಕ?"

"ಸೊಂಟದ ಮಟಾ ಹಳೀ ಗಿಲಾವ ಕೆತ್ತಿಸಿ, ಒಂದು ಬ್ಯಾಸಗಿ ಒಣಗಾಕ ಬಿಡ್ರಿ. ಆಮ್ಯಾಲ ಮಣ್ಣು ಸುಣ್ಣ ಕಲಿಸಿದ ಗಿಲಾವ. ಹೊರಗ ಗ್ವಾಡಿ ಬುಡಕ್ಕ ಏರಿಸಿದ ಮಣ್ಣು ತಗಸಿ, ನೀರು ಗಟಾರಕ್ಕ ಹೋಗೂಹಂಗ ಇಳಿಜಾರ ಮಾಡ್ಸ್ರಿ. ಎರಿ ಮಣ್ಣಿದ್ದಲ್ಲಂತೂ ಇದು ಬೇಕಬೇಕು; ಮಳ್ಯಾಗ ಉಬ್ಬಿ, ಬ್ಯಾಸಗ್ಯಾಗ ಬಿರದು ಪಾಯಾನ ಅಳ್ಳಾಡಸತೈತಿ. ಬಚ್ಚಲ ಪೈಪಿನ ಜಾಯಿಂಟ್ ಒಮ್ಮೆ ಮುಟ್ಟಿ ನೋಡು. ಹಂಚು ರೋಹಿಣಿ ಮಳಿಗಿಂತ ಮೊದ್ಲ ತಿರುವಿ ಹೊಚ್ಚಸಬೇಕು. ಒಡದಿದ್ರ ಖಾನಾಪುರದ್ದ ತರಸ್ರಿ."

"ಇಷ್ಟಕ್ಕ ರೊಕ್ಕ?"

"ಬಾಡಗಿ ಬಂದಿದ್ದೆಲ್ಲಾ ಗಳಿಕಿ ಅಂತ ತಿಳೀಬಾರದು. ಇನ್‌ಕಮ್ ಟ್ಯಾಕ್ಸ್‌ನವರೂ ಬಾಡಗ್ಯಾಗ ಮನಿ ಕರ ಕಳದು, ಉಳದದ್ದರ ನೂರಕ್ಕ 30 ಬಿಟ್ಟು ಉಳದಿದ್ದಕ್ಕ ಅಷ್ಟ ತೆರಿಗಿ ಹಿಡಿತಾರ. ತಿಂಗಳಿಗೆ 3,000 ಬಂದ್ರ ವರ್ಷಕ್ಕ 36,000; ಅದರಾಗ 10,800 ರಿಪೇರಿಗಂತ ಬ್ಯಾರೆ ತಗದಿಡು. ಡಿಪಾಜಿಟ್ ಅವರ ರೊಕ್ಕ, ಅದನ್ನ ಮುಟ್ಟಬ್ಯಾಡ. ಮತ್ತ ಬಾಡಗಿ ಭಾಗಕ್ಕ ಬ್ಯಾರೆ ಮೀಟರ್ ಹೆಸ್ಕಾಂನ್ಯಾಗ ಬರಸ್ರಿ. ಬಾಡಗಿ ಇದ್ದವರಿಗೂ ಗೃಹಜ್ಯೋತಿ ಪುಕ್ಕಟ ಕರೆಂಟ್ ಐತಿ, 200 ಯೂನಿಟ್ ಒಳಗ. ಒಂದ ಮೀಟರ್ ಮ್ಯಾಲ ಎರಡು ಸಂಸಾರ ಹಾಕಿದ್ರ ಅವರ ಪಾಲಿಂದ ನಾವ ಕಿತ್ತುಕೊಂಡಂಗ."

"ನಳ ಕೆಟ್ರೂ ನಾವ ಮಾಡ್ಸಬೇಕೇನ?"

"ನಳದ ವಾಶರ್, ಸ್ವಿಚ್ಚು ಇರೂರು ಮಾಡ್ಸಕೊಳ್ಳಿ. ಗ್ವಾಡಿ, ಪೈಪು, ಒಳಗಿನ ವಾಯರಿಂಗ್, ಸುಣ್ಣ ಬಣ್ಣ ಮಾಲಕರ ಕೆಲಸ. 2021ರಾಗ ಕೇಂದ್ರದವರು ಮಾಡಿದ ಮಾದರಿ ಬಾಡಿಗೆ ಕಾಯ್ದೆದಾಗೂ ಹಿಂಗ ಹಂಚ್ಯಾರ. ಕರಾರ ಪತ್ರದಾಗ ಇದನ್ನ ಬರದಬಿಟ್ರ ಮುಂದ ಜಗಳ ಇರೂದಿಲ್ಲ."

"ಹಂಗಾರ ಐತವಾರ ಗೌಂಡಿನ್ನ ಕರಸ್ತೀನಿ."

"ಗೌಂಡಿಗಿಂತ ಮೊದ್ಲ ಬಡಿಗ್ಯಾನ ಕರಿ. ಪಡಸಾಲಿ ತೊಲಿ ಬಡದು ನೋಡ್ಲಿ. ಪೊಳ್ಳ ಸಪ್ಪಳ ಬಂತಂದ್ರ ಒಳಗ ಒರಲಿ ತಿಂದಾವ. ಅದನ್ನ ಬದಲಿ ಮಾಡೂತನಾ ಯಾರನ್ನೂ ಆ ಮನ್ಯಾಗ ಮಲಗಸಬ್ಯಾಡ್ರಿ."